ಪೆಡಲ್ ಮುಟ್ಟದ ಹತ್ತು ನಿಮಿಷ

ತವಿಯಾನ ಟ್ಯಾಕ್ಸಿ ಮೂರನೆಯ ಸಲ ವಾಪಸ್ಸು ಬಂತು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ತಾನಾಗಿ ಕೂಗಾಡುತ್ತದೆ, ಮರುಕ್ಷಣ ಸಾಯುತ್ತದೆ.

"ಈ ಸಲ ಸರಿಹೋಗ್ಲಿಲ್ಲ ಅಂದ್ರೆ ಎದುರುಗಡೆ ಶೆಡ್ಡಿಗೆ ಹೋಗ್ತೀನಿ ವೋಫಾ," ಎಂದ. "ಅಲ್ಲಿ ಕಂಪ್ಯೂಟರ್ ಇದೆ."

"ಹೋಗು. ಅದಕ್ಕೆ ಒಂದು ಉಂಡೆ ಫುಫು ತಿನ್ಸು, ಕೆಲ್ಸ ಮಾಡುತ್ತೆ."

ಸುವಾಮೆಯ ಗ್ಯಾರೇಜು ಸಾಲಿನಲ್ಲಿ ಮೆಕ್ಯಾನಿಕ್ ಬದು ಎಲ್ಲರಿಗೂ ವೋಫಾ, ಅಂದರೆ ಸೋದರಮಾವ. ನನಗೆ ಗುರು. ಗುರು ಒಪ್ಪಿದ ದಿನ ಶಿಷ್ಯರ ತಲೆಗೆ ಬಿಳಿ ಪೌಡರು ಸುರಿಯುತ್ತಾರೆ. ಆಮೇಲೆಯೇ ಸ್ವಂತ ಶೆಡ್ಡು. ನನ್ನ ಜೊತೆ ಸೇರಿದವರೆಲ್ಲ ಪೌಡರು ಕೊಡವಿಕೊಂಡು ಹೋಗಿ ವರ್ಷವಾಯಿತು.

"ಸೆರ್ವಾ, ಇದರ ಸ್ಲೋ ಕೂರಿಸು," ಎಂದರು ನನಗೆ. "ಕೂತ್ರೆ ಭಾನುವಾರ ನಿನ್ನ ಪೌಡರು."

ಪೆಡಲ್ ಮುಟ್ಟದಾಗ ಎಂಜಿನ್ ಆರದೆ ಓಡಬೇಕಾದ ನಿಧಾನಗತಿಯೇ ಸ್ಲೋ. ಬಾನೆಟ್ ಎತ್ತಿದೆ. ಗಾಳಿ ಒಳಹೋಗುವ ಬಾಯಲ್ಲಿ ಮಸಿ ಕಟ್ಟಿತ್ತು. ಪಕ್ಕದ ಪುಟ್ಟ ತಿರುಪಿನ ಮೇಲೆ ಕಂಪನಿಯವರು ಎಳೆದ ಹಳದಿ ಗೆರೆ ಒಡೆದಿತ್ತು. ಯಾರೋ ತಿರುಗಿಸಿದ್ದಾರೆ. ಯಾರೋ ಏನು, ತಿರುಪಿನ ತಲೆಯ ಮೇಲೆ ವೋಫಾ ಅವರ ಮೊಂಡು ಸ್ಕ್ರೂಡ್ರೈವರಿನ ಗಾಯವಿತ್ತು.

ಕಾರ್ಬುರೇಟರ್ ಕಾಲದಲ್ಲಿ ಅವರು ಕಣ್ಣು ಮುಚ್ಚಿ, ಕಿವಿಯಿಂದಲೇ ಸ್ಲೋ ಕೂರಿಸುತ್ತಿದ್ದರು. ಇಂಜೆಕ್ಷನ್ ಕಾರಿನಲ್ಲಿ ಈ ತಿರುಪು ತಿರುಗಿಸಿದರೆ ಡ್ರೈವರ್ ಪೆಡಲ್ ಒತ್ತಿದ್ದಾನೆಂದು ಕಾರಿನ ಮಿದುಳು ನಂಬುತ್ತದೆ, ಸ್ಲೋ ಕಾಯುವುದನ್ನು ಬಿಡುತ್ತದೆ.

ಸದ್ದಿಲ್ಲದೆ ಹಿಂದಕ್ಕೆ ತಿರುಗಿಸಿಬಿಡಬಹುದಿತ್ತು. ಭಾನುವಾರ ಹತ್ತಿರವಿತ್ತು. ಆದರೆ ನಾಳೆ ಇನ್ನೊಂದು ಕಾರಿನಲ್ಲಿ ಆ ಕೈ ಅದನ್ನೇ ಮಾಡುತ್ತದೆ.

"ತವಿಯಾ ಅಣ್ಣ, ಹೋಗಿ ಕೆಂಕೆ ತಿಂದು ಬಾ," ಎಂದೆ. ಅವನು ಹೋದ ಮೇಲೆ, "ಸೆಬೆ, ವೋಫಾ." ಹಿರಿಯರಿಗೆ ಹೇಳಬಾರದ್ದನ್ನು ಹೇಳುವ ಮೊದಲು ಕೇಳುವ ಕ್ಷಮೆ.

"ಸೆಬೆ ಅಂದ್ಮೇಲೆ ಒಳ್ಳೇದೇನೂ ಬರಲ್ಲ. ಹೇಳು."

"ಈ ತಿರುಪು ತಿರುಗಿಸಿದ ಕೈ ನನ್ನ ಗುರುಗಳದ್ದು."

ಅವರು ಬಗ್ಗಿದರು. ತಿರುಪಿನ ಗಾಯದ ಮೇಲೆ ಉಗುರು ಆಡಿಸಿದರು. ಪೌಡರು ಹೋಯಿತು ಎಂದುಕೊಂಡೆ.

"ಮೂವತ್ತು ವರ್ಷದ ಚಟ," ಎಂದರು. "ಕೈ ನನ್ನ ಮಾತೇ ಕೇಳಲ್ಲ."

ಮಸಿ ತೊಳೆದೆ. ಹಳದಿ ಗೆರೆಯನ್ನು ಗೆರೆಗೆ ಕೂಡಿಸಿದೆ. ಕಾರಿನ ಮಿದುಳು ಹಳೆಯದೆಲ್ಲ ಮರೆಯಲಿ ಎಂದು ಬ್ಯಾಟರಿ ಬಿಚ್ಚಿ, ಕಾದು, ಮತ್ತೆ ಹಾಕಿದೆ. ವೋಫಾ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದರು.

"ಹತ್ತು ನಿಮಿಷ ಪೆಡಲ್ ಮುಟ್ಬೇಡಿ. ಅದು ತಾನೇ ಕಲೀಬೇಕು."

ಎಂಜಿನ್ ನಡುಗಿತು. ಸದ್ದು ಇಳಿಯಿತು. ಇನ್ನೂ ಇಳಿಯಿತು. ಅವರ ಬಲಗಾಲು ತಾನಾಗಿ ಎದ್ದಿತು.

"ವೋಫಾ."

ಅವರು ಎರಡೂ ಕಾಲನ್ನು ಬಾಗಿಲಿನಿಂದ ಹೊರಗೆ ತೆಗೆದು ನೆಲದ ಮೇಲಿಟ್ಟರು, ಚಪ್ಪಲಿಯಿಂದ ಮಣ್ಣು ಒತ್ತಿ ಹಿಡಿದರು. ಎಂಜಿನ್ ಒಮ್ಮೆ ಬಿಕ್ಕಿತು, ಸಾವರಿಸಿಕೊಂಡಿತು, ಒಂದೇ ಸಮನೆ ಓಡತೊಡಗಿತು. ಹತ್ತನೆಯ ನಿಮಿಷಕ್ಕೆ ಅದರ ಸದ್ದು ನಿದ್ದೆಹೋದ ಮಗುವಿನ ಉಸಿರಿನಷ್ಟಿತ್ತು.

ತವಿಯಾ ಬೆರಳು ನೆಕ್ಕುತ್ತ ಬಂದ. "ಯಾಕೆ, ಆಫ್ ಮಾಡ್ಬಿಟ್ರಾ?"

ವೋಫಾ ಸೀಟಿನಿಂದ ಎದ್ದರು. ಮೊಂಡು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು.

"ಭಾನುವಾರ ನಿನಗೆ ಪೌಡರು. ಸೋಮವಾರದಿಂದ ನಿನ್ನ ಶೆಡ್ಡಿನಲ್ಲಿ ನಾನು ಶಿಷ್ಯ. ನನ್ನ ಪೌಡರಿಗೆ ಎಷ್ಟು ವರ್ಷ ಕಾಯಿಸ್ತೀಯೋ ನೋಡೋಣ."