ಮೋಟಾರಿಲ್ಲದ ಕಾರಂಜಿ

ಎರಡು ದಿನ ರೈಲಿನಲ್ಲಿ ಕೂತು ಬೀರಮ್ಮ ಉದಯಪುರಕ್ಕೆ ಬಂದದ್ದು ಅರಮನೆ ನೋಡುವುದಕ್ಕಲ್ಲ. ಅಲ್ಲಿ ಕೆರೆಯ ಕೆಳಗಿನ ಹಳೆಯ ತೋಟವೊಂದರಲ್ಲಿ ಮೋಟಾರೇ ಇಲ್ಲದೆ ಕಾರಂಜಿ ಆಳೆತ್ತರ ಚಿಮ್ಮುತ್ತದೆಂದು ಪಕ್ಕದ ಮನೆಯ ಡಿಗ್ರಿ ಹುಡುಗಿ ಮೀನಾ ಫೋನಿನಲ್ಲಿ ತೋರಿಸಿದ್ದಳು. ಅವತ್ತೇ ಬೀರಮ್ಮ ಮಹಿಳಾ ಸಂಘದ ಪ್ರವಾಸಕ್ಕೆ ತನ್ನ ಜೊತೆ ಅವಳ ಹೆಸರನ್ನೂ ಬರೆಸಿದಳು.

ಅವಳ ಅಪ್ಪ ತಿಮ್ಮಯ್ಯ ಹಾರನಹಳ್ಳಿ ಕಡೆಯ ನೀರುಗಂಟಿ. ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು. ಒಮ್ಮೆ ಏರಿಯ ಕೆಳಗೆ ಪರಂಗಿ ಎಲೆಯ ಟೊಳ್ಳು ದಂಟುಗಳನ್ನು ಪೋಣಿಸಿ, ಕೆರೆ ನೀರಿನ ಒತ್ತಡದಿಂದಲೇ ಮಗಳ ತಲೆಗಿಂತ ಮೇಲಕ್ಕೆ ನೀರು ಹಾರಿಸಿದ್ದ. ಈ ಮಾತೆತ್ತಿದಾಗಲೆಲ್ಲ ಓರಗಿತ್ತಿ ಯಶೋದಮ್ಮ ಊರವರ ಜೊತೆ ಸೇರಿ ಸುಳ್ಳೆಂದು ನಗುತ್ತಿದ್ದಳು. ನಲವತ್ತು ವರ್ಷದಿಂದ ನಗುತ್ತಲೇ ಇದ್ದಳು.

ತೋಟದಲ್ಲಿ ಗೈಡ್, ಚಪ್ಪಾಳೆ ತಟ್ಟಿದರೆ ಕಾರಂಜಿ ಏಳುತ್ತದೆ ಎಂದ. ಹೆಂಗಸರೆಲ್ಲ ತಟ್ಟಿದರು. ಕಾರಂಜಿ ಗೊರಕ್ ಎಂದು ಒಂದು ಗುಟುಕು ಉಗುಳಿ ಸುಮ್ಮನಾಯಿತು.

"ಭಜನೇಲೂ ಇಷ್ಟು ತಟ್ಟಿರ್ನಿಲ್ಲ ಕಣಮ್ಮಿ, ಅಂಗೈ ಉರೀತದೆ," ಎಂದಳು ಯಶೋದಮ್ಮ. "ಎಲ್ಲಿ ನಿಮ್ಮಪ್ಪನ ನೀರು?"

ಬೆಳಿಗ್ಗೆ ಕೊಳವೆ ತೊಳೆದರಂತೆ, ಆಮೇಲೆ ಏಳುತ್ತಿಲ್ಲವಂತೆ, ನಾಳೆ ಬನ್ನಿ ಎಂದ ಗೈಡ್. ನಾಳೆ ಎಲ್ಲಿಂದ ಬರುವುದು? ಸಂಜೆಗೇ ರೈಲು. ಇವತ್ತು ನೀರು ಏಳದಿದ್ದರೆ ಅಪ್ಪ ಊರಿನ ಬಾಯಲ್ಲಿ ಸುಳ್ಳುಗಾರನಾಗಿಯೇ ಉಳಿಯುತ್ತಾನೆ.

ಬೀರಮ್ಮ ಮಂಡಿಯೂರಿ ಕೊಳವೆಗೆ ಕಿವಿಯಿಟ್ಟಳು. ಒಳಗೆ ಗುಳುಗುಳು ಸದ್ದು. ಮೀನಾಳ ಕಡೆ ತಿರುಗಿ, ಗಿಡಗಳ ಬಳಿ ನಿಂತಿದ್ದ ತೋಟದ ಮಾಲಿಯನ್ನು ತೋರಿಸಿದಳು.

"ನೀರು ಬಂದು ನಿಂತದೆ ಕಣ್ ಮೊಗಾ. ಮುಂದ್ಕೆ ಗಾಳಿ ಅಡ್ಡ ಕೂತದೆ. ಆ ಮಾಲಿಗೆ ಯೋಳು, ಕೊಳವೆ ಕೊನೇಲಿರೋ ಮುಚ್ಚಳ ಬಿಚ್ಚಲಿ."

"ನಾನಾ ದೊಡ್ಡವ್ವಾ? ಬೈದ್ರೆ?" ಮೀನಾ ಹಿಂದೆ ಸರಿದಳು.

"ಹಿಂದೀಲಿ ಬೈದ್ರೆ ನಂಗೆಲ್ಲಿ ಅರ್ಥ ಆದದು? ಯೋಳು."

ಮೀನಾ ತೊದಲಿದಳು. ಮುದುಕ ಮಾಲಿ ಆಗದೆಂದು ತಲೆಯಾಡಿಸಿಬಿಟ್ಟ. ಆಗ ಬೀರಮ್ಮ ಕೆನ್ನೆಯುಬ್ಬಿಸಿ, ಬಾಯಿಗೆ ಅಂಗೈ ಅಡ್ಡವಿಟ್ಟು, ಕೈ ತೆಗೆದು ಫುಸ್ಸೆಂದು ಗಾಳಿ ಬಿಟ್ಟಳು. ಮಾಲಿ ಗೊಳ್ಳೆಂದು ನಕ್ಕ. ನಗುತ್ತಲೇ ಹೋಗಿ ಮುಚ್ಚಳ ತಿರುವಿದ.

ಕೊಳವೆ ಕೆಮ್ಮಿತು, ಸೀನಿತು, ಕಂದು ನೀರು ಕಾರಿತು. ಮಾಲಿ ಮುಚ್ಚಲು ಬಗ್ಗಿದ.

"ಬ್ಯಾಡ! ವಸಿ ತಾಳು!"

ಕೆಮ್ಮು ನಿಂತು ನೀರು ಒಂದೇ ಸಮನೆ ಹರಿಯುವವರೆಗೂ ಅವಳು ಎತ್ತಿದ ಕೈ ಇಳಿಸಲಿಲ್ಲ. ಇಳಿಸಿದಾಗ ಮಾಲಿ ಮುಚ್ಚಳ ಬಿಗಿದ.

ನೀರು ಮೊದಲು ಮೊಳದಷ್ಟು ಎದ್ದಿತು. ಆಮೇಲೆ ಸೊಂಟದೆತ್ತರ. ಆಮೇಲೆ, ಬಗ್ಗಿ ನೋಡುತ್ತಿದ್ದ ಯಶೋದಮ್ಮನನ್ನು ತುರುಬಿನಿಂದ ಸೆರಗಿನವರೆಗೆ ನೆನೆಸಿ, ಪಕ್ಕದ ಕಲ್ಲುಮಂಟಪದ ಛತ್ರಿಯನ್ನೂ ದಾಟಿ ಬಿಳಿಯಾಗಿ ಮೇಲೇರಿತು.

ಯಶೋದಮ್ಮ ಮುಖ ಒರೆಸಿಕೊಂಡು ಎರಡು ಗಳಿಗೆ ಮೇಲೆಯೇ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತ, ಕನ್ನಡದ ಗಂಧವೂ ಇಲ್ಲದ ಪ್ರವಾಸಿಗಳಿಗೆ ಕೂಗಿ ಹೇಳತೊಡಗಿದಳು: "ನಮ್ಮ ವಾರಗಿತ್ತಿ ಕಣ್ರಪ್ಪಾ! ನೀರುಗಂಟಿ ತಿಮ್ಮಯ್ಯನ ಮಗಳು! ಅವ್ರಪ್ಪ ಪರಂಗಿ ದಂಟಲ್ಲೇ ಇದನ್ನ ಮಾಡಿದ್ದ!"

ಮಾಲಿ ಏನೋ ಕೇಳಿದ. "ಆ ಕಡೆ ಇನ್ನೊಂದು ಕಾರಂಜೀನೂ ಎದ್ದಿಲ್ವಂತೆ ದೊಡ್ಡವ್ವ," ಎಂದಳು ಮೀನಾ, ಈಗ ಎಲ್ಲರಿಗೂ ಕೇಳುವಂತೆ.

ಬೀರಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ," ಎಂದು ಮಾಲಿಗಿಂತ ಮುಂದೆ ಹೊರಟಳು.