ಸಲಾಮಾಕನ ಬೇರೆ ತಟ್ಟೆ

ಗಲ್ಫಿನ ಇಬ್ರಿ ಊರಿನ ತೋಟಗಳಲ್ಲಿ ಖರ್ಜೂರದ ಗೊನೆಗಳು ಹಳದಿಗೆ ತಿರುಗುವ ಜೂನ್ ತಿಂಗಳು. ಶುಕ್ರವಾರ, ಜುಮಾ ನಮಾಜು ಮುಗಿಸಿ ಗಂಡಸರು ಮನೆ ಸೇರುವ ಮಧ್ಯಾಹ್ನ ಒಂದೂವರೆ ಗಂಟೆ. ಇದೆಲ್ಲ ಶುರುವಾದದ್ದು ಆ ಹೊತ್ತಿಗೆ.

ದರ್ಜಿ ಸಲಾಂ ಅವರ ಮನೆಯಲ್ಲಿ ಶುಕ್ರವಾರದ ಊಟಕ್ಕೆ ಒಂದೇ ದೊಡ್ಡ ತಟ್ಟೆ. ನಡುವೆ ಅನ್ನ, ಅದರ ಮೇಲೆ ಕೋಳಿ, ಸುತ್ತ ಮನೆಮಂದಿ: ಹೆಂಡತಿ ಆಸಿಯಮ್ಮ, ಐದು ತಿಂಗಳ ಬಸುರಿ ಮಗಳು ಶಮೀನಾ, ಅಳಿಯ ತಮೀಮ್. ಪಕ್ಕದ ಎಸಿ ರಿಪೇರಿ ಅಂಗಡಿಯ ಅಂಗಾರನೂ ಬರುತ್ತಾನೆ. ಬೆಳ್ತಂಗಡಿ ಕಡೆಯವನು. ಹದಿನೆಂಟು ವರ್ಷದಿಂದ ಆ ತಟ್ಟೆಯಲ್ಲಿ ಅವನದೊಂದು ಪಾಲು ಇದ್ದೇ ಇದೆ.

ಆ ದಿನ ಸಲಾಂ ಒಂದು ಸಣ್ಣ ಸ್ಟೀಲ್ ತಟ್ಟೆ ತಂದು, ಬಾಗಿಲ ಹತ್ತಿರ ಒಬ್ಬರೇ ಕೂತರು.

"ಎಂತ ಸಲಾಮಾಕ, ನಮ್ಮ ಕೈ ಗಲೀಜಾಯ್ತಾ?" ಅಂಗಾರ ಕೇಳಿದ.

"ಅಭ್ಯಾಸ ಮಾಡ್ತಾ ಇದ್ದೇನೆ ಮಾರಾಯ. ಮುಂದೆ ಹೀಗೇ ಅಲ್ವಾ?"

ಮನೆಯವರಿಗೆ ಗೊತ್ತಿತ್ತು, ಅಂಗಾರನಿಗೆ ಗೊತ್ತಿರಲಿಲ್ಲ. ಸಲಾಂ ಪದೇ ಪದೇ ಮೂತ್ರಕ್ಕೆ ಏಳುವುದನ್ನು ನೋಡಿ ಆಸಿಯಮ್ಮನೇ ಅವರನ್ನು ಡಾಕ್ಟರ ಹತ್ತಿರ ದಬ್ಬಿದ್ದರು. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ತೆಗೆದು ನೋಡಿದ್ದೂ ಆಯಿತು. ಮೂತ್ರಕೋಶದ ಕೆಳಗೆ ಗಂಡಸರಿಗೆ ಮಾತ್ರ ಇರುವ ಪ್ರಾಸ್ಟೇಟ್ ಎಂಬ ಸಣ್ಣ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಗ್ರಂಥಿಯ ಹೊರಗೆ ಹರಡಿರಲಿಲ್ಲ. ಡಾಕ್ಟರು ಎಲ್ಲ ದಾರಿಗಳನ್ನೂ ವಿವರಿಸಿ, ನಿಮಗೆ ಒಳಗಿನಿಂದಲೇ ವಿಕಿರಣ ಕೊಡುವುದು ಹೊಂದುತ್ತದೆ ಎಂದಿದ್ದರು. ಒಪ್ಪಿಗೆಯೋ ಇಲ್ಲವೋ, ಭಾನುವಾರ ಹೇಳಬೇಕಿತ್ತು.

ಅದನ್ನೆಲ್ಲ ಸಲಾಂ ಈಗ ಅಂಗಾರನಿಗೂ ಹೇಳಿದರು. "ವಿಕಿರಣದ ಬೀಜಗಳಂತೆ, ಅಕ್ಕಿ ಕಾಳಿನಷ್ಟು ಚಿಕ್ಕವು," ಎಂದರು. "ಒಂದಲ್ಲ, ಎಪ್ಪತ್ತೋ ಎಂಬತ್ತೋ. ಒಳಗೆ ಇಟ್ಟರೆ ಮತ್ತೆ ತೆಗೆಯುವುದೇ ಇಲ್ಲವಂತೆ. ಹಾಗಿದ್ದ ಮೇಲೆ ನನ್ನ ಕೈ ಬಿದ್ದ ಅನ್ನವನ್ನು ನೀವು ತಿನ್ನುವುದು ಹೇಗೆ?"

"ನಂಗೂ ವಾಟ್ಸಾಪಲ್ಲಿ ಬಂದಿತ್ತು," ಅಂಗಾರ ದನಿ ತಗ್ಗಿಸಿದ. "ಅಂಥವರ ಟವೆಲ್ ಸಹ ಮುಟ್ಟಬಾರದಂತೆ."

"ನಿನ್ನ ವಾಟ್ಸಾಪಿಗೆ ಬೆಂಕಿ ಹಾಕು!" ಆಸಿಯಮ್ಮ ಗದರಿದರು.

ಸಲಾಂ ಎರಡು ತುತ್ತು ಉಂಡರು. ತಟ್ಟೆ ಸರಿಸಿ ಹೇಳಿದರು: "ಆಗುವುದಿಲ್ಲ ನನ್ನಿಂದ. ಆ ಚಿಕಿತ್ಸೆ ಬೇಡ, ಖಲಾಸ್. ಇದ್ದಷ್ಟು ದಿನ ನಿಮ್ಮ ಜೊತೆ ಉಂಡು ಹೋಗ್ತೇನೆ. ಹುಟ್ಟುವ ಮಗುವನ್ನು ದೂರದಿಂದ ನೋಡಲಿಕ್ಕೆ ಬದುಕಬೇಕಾ?"

ಶಮೀನಾ ಮುಖ ಆಚೆ ತಿರುಗಿಸಿದಳು. ಆಸಿಯಮ್ಮ ಕೈ ತೊಳೆದು ಮೆಟ್ಟಿಲು ಹತ್ತಿದರು. ಮೇಲಿನ ಮನೆಯಲ್ಲಿ ನರ್ಸ್ ಕಾರ್ಮಿನ್ ಇದ್ದರು. ಕ್ಯಾನ್ಸರ್ ವಾರ್ಡಿನಲ್ಲಿ ಹತ್ತು ವರ್ಷ ದುಡಿದವರು. ಡ್ಯೂಟಿ ಮುಗಿಸಿ ಮಲಗಿದ್ದವರನ್ನು ಆಸಿಯಮ್ಮ ಎಬ್ಬಿಸಿ ಕರೆದುಕೊಂಡೇ ಬಂದರು.

ಕಾರ್ಮಿನ್ ಸಲಾಂ ಅವರ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ಸಲಾಮಾಕ, ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆ ಮೇಲೆ ಬಿಟ್ಟರೆ ಎಂತ ಆಗ್ತದೆ?"

"ಸುಡ್ತದೆ."

"ಮೇಜಿನ ಆಚೆ ತುದಿಯಲ್ಲಿರುವ ಬಟ್ಟೆಗೆ?"

"ಅದಕ್ಕೆಂತ ಆಗ್ತದೆ? ಏನೂ ಇಲ್ಲ."

"ಇದೂ ಹಾಗೆಯೇ. ಬೀಜದ ಹತ್ತಿರ ಇರುವ ಕ್ಯಾನ್ಸರಿಗೆ ಜೋರು ಪೆಟ್ಟು. ದೂರ ಹೋದ ಹಾಗೆ ಶಕ್ತಿ ಇಲ್ಲ. ಇನ್ನೊಂದು ಕೇಳ್ತೇನೆ. ನಿಮ್ಮ ಹಳೇ ಕಾಲದ ಕೆಂಡದ ಪೆಟ್ಟಿಗೆ, ಕೆಂಡ ಆರಿದ ಮೇಲೆ?"

ಸಲಾಂ ಸ್ವಲ್ಪ ನಕ್ಕರು. ಹದಿನಾಲ್ಕನೇ ವಯಸ್ಸಿನಲ್ಲಿ ಬಂಟ್ವಾಳದ ಅಂಗಡಿಯೊಂದರಲ್ಲಿ ಆ ಪೆಟ್ಟಿಗೆಗೆ ಕೆಂಡ ತುಂಬಿದ ಕೈ ಅವರದು. "ಬರೀ ಕಬ್ಬಿಣ."

"ಬೀಜವೂ ತಿಂಗಳು ತಿಂಗಳಿಗೆ ಆರುತ್ತಾ ಬರ್ತದೆ. ಆಮೇಲೆ ಒಳಗೆ ಸುಮ್ಮನೆ ಇರ್ತದೆ. ಒಳಗೆ ಇಟ್ಟು ಆಗಲೇ ಹೊರಗೆ ತೆಗೆಯುವ ಇನ್ನೊಂದು ವಿಧವೂ ಉಂಟು. ನಿಮಗೆ ಹೇಳಿದ್ದು ಬೀಜದ್ದು."

"ಅನ್ನದ ವಿಷಯ ಹೇಳಿ ಸಿಸ್ಟರ್," ಎಂದ ಅಂಗಾರ.

"ಅನ್ನ, ಟವೆಲ್, ಬಟ್ಟೆ, ಬಚ್ಚಲು, ಯಾವುದಕ್ಕೂ ಇದು ಅಂಟುವುದಿಲ್ಲ. ಹೆಂಡತಿ ಪಕ್ಕ ಕೂತುಕೊಳ್ಳಬಹುದು. ಎಚ್ಚರಿಕೆ ಇಬ್ಬರ ವಿಷಯದಲ್ಲಿ ಮಾತ್ರ: ಬಸುರಿಯರು, ಸಣ್ಣ ಮಕ್ಕಳು. ಮೊದಲ ಎರಡು ತಿಂಗಳು ಬಸುರಿಯ ಪಕ್ಕ ಅಂಟಿಕೊಂಡು ಬಹಳ ಹೊತ್ತು ಕೂರಬಾರದು. ಮಕ್ಕಳನ್ನು ಮಡಿಲಲ್ಲಿ ಕೂರಿಸಬಾರದು. ಒಂದೇ ಕೋಣೆಯಲ್ಲಿ ಸ್ವಲ್ಪ ದೂರ ಇದ್ದು ಮಾತಾಡಬಹುದು. ನಿಮಗೆ ಎಷ್ಟು ದಿನ ಅಂತ ನಿಮ್ಮ ಡಾಕ್ಟರೇ ಹೇಳ್ತಾರೆ."

ತಮೀಮ್ ಬೆರಳು ಮಡಚಿ ಎಣಿಸಿದ. "ಹೆರಿಗೆ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಎರಡು ತಿಂಗಳು ದಾಟಿರ್ತದಲ್ಲ!"

"ಹಾಗಾದರೆ ಬೇರೆ ತಟ್ಟೆ ಬಾಪನಿಗಲ್ಲ, ನಂಗೆ!" ಶಮೀನಾ ಕಣ್ಣೊರೆಸಿಕೊಂಡು ನಕ್ಕಳು. "ಆಚೆ ಗೋಡೆ ಹತ್ತಿರ ಕೂತ್ಕೊಳ್ತೇನೆ. ಕೋಳಿ ಕಾಲು ಎರಡೂ ನಂಗೇ ಬೇಕು."

"ನೋವು?" ಸಲಾಂ ಮೆಲ್ಲಗೆ ಕೇಳಿದರು.

"ಇಡುವಾಗ ಅರಿವಳಿಕೆ ಕೊಡ್ತಾರೆ, ಗೊತ್ತಾಗುವುದಿಲ್ಲ. ಆಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಉರಿಮೂತ್ರ, ಅವಸರ ಎಲ್ಲ ಇರ್ತದೆ. ಮೂತ್ರ ಕಟ್ಟಿಯೇ ಹೋದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಗಂಡಸುತನದಲ್ಲೂ ವ್ಯತ್ಯಾಸ ಆಗಬಹುದು. ಗಂಡಹೆಂಡಿರು ಒಟ್ಟಿಗೆ ಹೋಗಿ ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಕೇಳಿ."

ಸಲಾಂ ನೆಲ ನೋಡಿದರು. ಆಸಿಯಮ್ಮ ನೋಡಲಿಲ್ಲ. "ಕೇಳುವ. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಇನ್ನೆಂತ ನಾಚಿಕೆ? ನಂಗೆ ನೀವು ಬೇಕು, ಅಷ್ಟೇ."

ಸಲಾಂ ಮೆಲ್ಲನೆ ಎದ್ದು ಬಂದು ದೊಡ್ಡ ತಟ್ಟೆಯ ಪಕ್ಕ, ಹೆಂಡತಿಯ ಬಲಕ್ಕೆ ಕೂತರು.

ಭಾನುವಾರ ಒಪ್ಪಿಗೆ ಹೇಳಿದರು. ಜುಲೈ ಮೊದಲ ವಾರ ಚಿಕಿತ್ಸೆ ಆಯಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು, ಮರುದಿನ ನಡೆದುಕೊಂಡೇ ಮನೆಗೆ ಬಂದರು. ಒಂದು ತಿಂಗಳು ಉರಿ ಕಾಡಿತು. ಸಲಾಂ ಗೊಣಗಿದರು, ಆಸಿಯಮ್ಮ ನೀರಿನ ಬಾಟಲಿ ಹಿಡಿದು ಹಿಂದೆಯೇ ತಿರುಗಿದರು. ಒಳಗಿನ ಬೀಜಗಳಿಂದಾಗಿ ವಿಮಾನ ನಿಲ್ದಾಣದ ಯಂತ್ರ ಕೂಗಿದರೆ ತೋರಿಸಲಿಕ್ಕೆಂದು ಆಸ್ಪತ್ರೆಯವರು ಕೊಟ್ಟ ಚೀಟಿ ಪಾಸ್‌ಪೋರ್ಟಿನ ಜೊತೆ ಸೇರಿತು. ಕ್ಯಾನ್ಸರಿನ ಸುಳಿವು ಕೊಡುವ ರಕ್ತ ಪರೀಕ್ಷೆಯ ಅಂಕಿ ಇಳಿಯತೊಡಗಿತು. ಅದು ಪೂರ್ತಿ ತಗ್ಗಲು ಸಮಯ ಬೇಕು. ಪರೀಕ್ಷೆಗೆ ಹೋಗುವುದನ್ನು ಮಾತ್ರ ಬಿಡುವಂತಿಲ್ಲ.

ಅಕ್ಟೋಬರಿನಲ್ಲಿ ಶಮೀನಾ ಹೆಣ್ಣುಮಗು ಹೆತ್ತಳು. ಹೆಸರು ಇರ್ಫಾನಾ. ಡಾಕ್ಟರ ಹತ್ತಿರ ಕೇಳಿಕೊಂಡೇ ಬಂದಿದ್ದ ಸಲಾಂ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಾಲು ಜುಮ್ಮೆಂದರೂ ಏಳಲಿಲ್ಲ.

ಮಗು ನೋಡಲು ಬಂದ ಅಂಗಾರ ಎಲ್ಲರೂ ಒಳಗೆ ಹೋಗುವವರೆಗೆ ಕಾದ.

"ಸಲಾಮಾಕ, ನಂಗೂ ಒಂದು ವರ್ಷದಿಂದ ಪದೇ ಪದೇ ಮೂತ್ರಕ್ಕೆ ಏಳುವ ಉಪದ್ರ ಉಂಟು. ನಮ್ಮಣ್ಣ ಹೋದದ್ದೂ ಅದೇ ಪ್ರಾಸ್ಟೇಟಿನ ಕ್ಯಾನ್ಸರಿನಲ್ಲಿ. ಹೆದರಿ ಯಾರಿಗೂ ಹೇಳಲಿಲ್ಲ."

"ಒಂದು ವರ್ಷ ನನ್ನ ತಟ್ಟೆಯಲ್ಲಿ ಉಂಡು, ನಂಗೇ ಹೇಳಲಿಲ್ಲವಾ!" ಸಲಾಂ ಅವನ ಭುಜ ಹಿಡಿದರು. "ಹೆಚ್ಚಿನವರಿಗೆ ಅದು ಬರೀ ವಯಸ್ಸಿನ ಊತ ಅಂತೆ ಮಾರಾಯ. ಆದರೆ ನೋಡದೆ ಗೊತ್ತಾಗುವುದಿಲ್ಲ. ನಾನೂ ಬರ್ತೇನೆ. ಯಲ್ಲಾ, ಹೋಗುವ."

ಇದನ್ನು ಓದುವ ಅಣ್ಣಂದಿರೇ, ಓದಿ ಹೇಳುವ ಅಕ್ಕಂದಿರೇ, ಈ ಕಾಯಿಲೆ ಮೊದಮೊದಲು ಸದ್ದು ಮಾಡುವುದಿಲ್ಲ. ಐವತ್ತು ದಾಟಿದವರು ಪಿಎಸ್‌ಎ ಎಂಬ ರಕ್ತ ಪರೀಕ್ಷೆ ತಮಗೆ ಬೇಕೇ ಎಂದು ಡಾಕ್ಟರನ್ನು ಕೇಳಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ನಲವತ್ತೈದಕ್ಕೇ ಕೇಳಿ. ಒಳಗಿನ ವಿಕಿರಣ ಎಲ್ಲರಿಗೂ ಹೊಂದುವುದಿಲ್ಲ. ಹೊಂದುವವರು ಗಾಳಿಮಾತಿಗೆ ಹೆದರಿ ಅದನ್ನು ಬಿಡಬೇಡಿ. ಚಿಕಿತ್ಸೆ ಪಡೆದವರನ್ನು ಮೂಲೆಗೆ ಕೂರಿಸಬೇಡಿ. ಸಂಶಯ ಬಂದರೆ ತಿಳಿದವರನ್ನು ಮನೆಗೇ ಕರೆದು ಕೇಳಿ.

ಅಂಗಾರ ಪರೀಕ್ಷೆಗೆ ಹೊರಟದ್ದು ಭಾನುವಾರ ಬೆಳಿಗ್ಗೆ ಏಳೂವರೆಗೆ, ಅಂಗಡಿಗೆ ಬೀಗ ಹಾಕಿ, ಸಲಾಮಾಕನ ಜೊತೆ.