ಗಂಗಲಕ್ಷ್ಮಮ್ಮ ಪ್ರಾಗ್‌ನಲ್ಲಿ ನಿಂತುಬಿಟ್ಟಿದ್ದು

ಸಾತನೂರಿನ ಅನಂತರಾಜುವಿಗೆ ಹೆಂಡತಿಯ ಜೊತೆ ನಡೆಯುವುದು ಗೊತ್ತಿಲ್ಲ, ಮುಂದೆ ನಡೆಯುವುದು ಮಾತ್ರ ಗೊತ್ತು. ಬಸ್‌ಸ್ಟ್ಯಾಂಡಿಂದ ಮನೆಗಾಗಲಿ, ಕಬ್ಬಾಳಮ್ಮನ ಗುಡಿಗಾಗಲಿ, ಬೀಗರ ಮನೆಗಾಗಲಿ, ಪಂಚೆ ಎತ್ತಿ ಕಟ್ಟಿ ಹತ್ತು ಮಾರು ಮುಂದೆ ಹೊರಟನೆಂದರೆ ಮುಗಿಯಿತು. ಹಿಂದೆ ಗಂಗಲಕ್ಷ್ಮಮ್ಮ ಚೀಲ ಹೊತ್ತು, ಆಗೆಲ್ಲ ಕಂಕುಳಲ್ಲಿ ಮಗಳನ್ನೂ ಹೊತ್ತು, ಅರ್ಧ ನಡಿಗೆ ಅರ್ಧ ಓಟ. ಅವನ ಅಪ್ಪನೂ ಹಾಗೇ ನಡೆದವನು, ಊರ ಗಂಡಸರೆಲ್ಲ ಹಾಗೇ. ಹೆಂಡತಿ ಪಕ್ಕದಲ್ಲಿ ನಡೆದರೆ ಇವರ ಮೀಸೆ ಉದುರಿಹೋಗುತ್ತದೇನೋ! ಊರಲ್ಲಾದರೆ ಹಾಳಾಗಿ ಹೋಗಲಿ, ದಾರಿ ಗೊತ್ತು. ಆಸಾಮಿ ಪ್ರಾಗ್‌ಗೆ ಹೋಗಿಯೂ ಅದೇ ವರಸೆ ತೆಗೆದರೆ ಏನನ್ನಬೇಕು?

ಮಗಳು ರಮ್ಯಾ ಹಟ ಹಿಡಿದು ಇಬ್ಬರನ್ನೂ ಕನಕಪುರದ ಒಂದು ಗುಂಪಿನ ಜೊತೆ ಯುರೋಪ್ ನೋಡಲು ಕಳಿಸಿದ್ದಳು. ಪ್ರಾಗ್‌ನಲ್ಲಿ ಆ ದಿನ ಬಸ್ಸಿಲ್ಲ, ಊರೆಲ್ಲ ನೋಡುವುದು ಕಾಲ್ನಡಿಗೆಯಲ್ಲೇ. ಟೂರ್ ಮ್ಯಾನೇಜರ್ ಮನೋಹರ್ ಹಳದಿ ಛತ್ರಿ ಎತ್ತಿ ಹಿಡಿದು ಮುಂದೆ, ಅವನ ಬೆನ್ನಿಗೇ ಅನಂತರಾಜು, ಆಮೇಲೆ ಉಳಿದವರು, ಎಲ್ಲರಿಗಿಂತ ಹಿಂದೆ ಗಂಗಲಕ್ಷ್ಮಮ್ಮ. ಅಲ್ಲಿಯ ಗೋಪುರದ ದೊಡ್ಡ ಗಡಿಯಾರದ ಕಿಟಕಿಯಲ್ಲಿ ಗೊಂಬೆಗಳು ಒಂದರ ಹಿಂದೆ ಒಂದು ಬಂದು ಹೋಗುತ್ತಿದ್ದವು. ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಮುಂದಿನಿಂದ ಗಂಡನ ಕೂಗು.

"ಬಾರೇ, ಚನ್ನಪಟ್ಣದಾಗೆ ಕಾಣದ ಗೊಂಬೆನಾ ಅದು!"

ಅದನ್ನೂ ತಿರುಗದೆಯೇ ಅಂದ.

ಹಳೇ ಕಲ್ಲಿನ ಸೇತುವೆಗೆ ಬಂದರು. ಎರಡೂ ಕಡೆ ಕರೀ ಕಲ್ಲಿನ ಸಂತರು, ಕೆಳಗೆ ತುಂಬಿದ ಹೊಳೆ, ಆ ದಡದ ಗುಡ್ಡದ ಮೇಲೆ ಅರಮನೆ. ಸೇತುವೆ ಮಧ್ಯದಲ್ಲಿ ಅವಳ ಶೂ ಲೇಸು ಬಿಚ್ಚಿಕೊಂಡಿತು.

"ರೀ, ಒಸಿ ನಿಲ್ಲಿ, ಲೇಸು ಬಿಚ್ಕೊಂಡೈತೆ!"

ಅನಂತರಾಜು ಕೈ ಎತ್ತಿ ಬೆನ್ನ ಹಿಂದಕ್ಕೆ "ಬಾ, ಬಾ" ಅಂತ ಆಡಿಸಿದ. ಕೊಟ್ಟಿಗೆಯ ಹಸುವನ್ನು ಕರೆಯುವ ಹಾಗೆ. ನಿಲ್ಲಲಿಲ್ಲ.

ಗಂಗಲಕ್ಷ್ಮಮ್ಮನಿಗೆ ಪಿತ್ತ ನೆತ್ತಿಗೇರಿತು. ಲೇಸು ಕಟ್ಟಿ ಎದ್ದವಳು ಹೆಜ್ಜೆ ಎತ್ತಲಿಲ್ಲ. 'ಯಾವಾಗ ತಿರುಗ್ತಾನೋ ಇವತ್ತು ನೋಡೇಬುಡಾನ' ಅಂದುಕೊಂಡಳು. ಅವನ ಬೋಳು ನೆತ್ತಿ ಒಬ್ಬ ಸಂತನನ್ನು ದಾಟಿತು, ಇನ್ನೊಬ್ಬನನ್ನು ದಾಟಿತು, ಸೇತುವೆಯ ಆ ತುದಿಯ ಕಮಾನಿನೊಳಗೆ ಹೊಕ್ಕು ಮಾಯವಾಯಿತು. ತಿರುಗಲೇ ಇಲ್ಲ, ಪುಣ್ಯಾತ್ಮ!

ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಪಾಸ್‌ಪೋರ್ಟ್ ಅವನ ಹತ್ತಿರ. ಫೋನೂ ಅವನ ಹತ್ತಿರವೇ. 'ಇಬ್ರೂ ಜೊತೇಲೇ ಇರ್ತೀವಲ್ಲ, ಎರಡು ಯಾಕೆ' ಅಂದಿದ್ದ. ಜೊತೇಲಂತೆ, ಜೊತೇಲಿ! ಕಾಲುಗಳು ತಾವಾಗಿಯೇ ಓಡಲು ಹೊರಟವು, ಅಷ್ಟು ವರ್ಷದ ಅಭ್ಯಾಸ. ಅವಳು ಸೇತುವೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

ಹೊಳೆ ನೋಡಿದಳು, ದೋಣಿ ನೋಡಿದಳು. ಅಲ್ಲಿಯ ಮುದುಕ ಮುದುಕಿ ಒಂದು ಜೋಡಿ ಬಂತು. ಮುದುಕಿ ನೀರು ನೋಡಲು ನಿಂತಳು, ಮುದುಕನೂ ನಿಂತ. ಅವಳ ನೋಟ ಮುಗಿಯುವ ತನಕ ನಿಂತೇ ಇದ್ದ. ಇಷ್ಟೇ ತಾನೇ ನಾನು ಕೇಳಿದ್ದು ಅಂತ ಗಂಗಲಕ್ಷ್ಮಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಹೊತ್ತು ನೆತ್ತಿ ದಾಟಿದ ಮೇಲೆ ಇಬ್ಬರು ಮಹಿಳಾ ಪೊಲೀಸರು ಬಂದರು. ಸಿಕ್ಕಸಿಕ್ಕವರನ್ನು ನಿಲ್ಲಿಸಿ ಏನೋ ಕೇಳುತ್ತಿದ್ದರು. ಇಂಡಿಯನ್, ಸ್ಯಾರಿ, ರೆಡ್ ಅನ್ನುವ ಮೂರು ಮಾತು ಅವಳ ಕಿವಿಗೆ ಬಿದ್ದವು. ಸದ್ಯ, ತನ್ನನ್ನು ಹುಡುಕುತ್ತಿದ್ದಾರೆ! ಓಡಿಹೋಗಿ ಎದೆ ಮುಟ್ಟಿಕೊಂಡು "ನಾನೇ, ನಾನೇ" ಅಂದಳು.

ಸೇತುವೆ ತುಂಬ ನಮ್ಮ ದೇಶದ ಪ್ರವಾಸಿಗರು ಓಡಾಡುತ್ತಿದ್ದರು. ಆ ಪೊಲೀಸಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಕ್ಕು, ತಲೆಯಾಡಿಸಿದಳು. "ನೋ ಮೇಡಂ. ರೆಡ್ ಸ್ಯಾರಿ." ಅಂದವಳೇ ಮುಂದೆ ಹೋದಳು.

ಗಂಗಲಕ್ಷ್ಮಮ್ಮ ತನ್ನ ಮೈಯನ್ನು ತಾನೇ ನೋಡಿಕೊಂಡಳು. ನೀಲಿ ಚೂಡಿದಾರ್, ಮೇಲೆ ಹಸಿರು ಜರ್ಕಿನ್. ಹುಟ್ಟಿದಾಗಿನಿಂದ ಮೊದಲ ಸಲ ಚೂಡಿದಾರ್ ತೊಟ್ಟಿದ್ದಳು, ವಿಮಾನ ಹತ್ತಿದಂದಿನಿಂದ ಸೀರೆ ಮುಟ್ಟಿರಲಿಲ್ಲ. ಗುಂಪಿನ ಹೆಂಗಸರೆಲ್ಲ ಚೆನ್ನಾಗಿ ಒಪ್ಪುತ್ತೆ ಅಂದಿದ್ದರು. ಪಕ್ಕದ ಸೀಟಲ್ಲೇ ಕೂತು ಬಂದ ಗಂಡ, ಬೆಳಗ್ಗೆ ಎದುರೇ ಕೂತು ಬ್ರೆಡ್ ತಿಂದ ಗಂಡ, ಕೆಂಪು ಸೀರೆ ಅಂದಿದ್ದಾನೆ! ಥೂ, ಇದಕ್ಕಿಂತ ಕಳೆದುಹೋಗಿದ್ದೇ ವಾಸಿ ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಮನೋಹರ್ ಓಡಿಬಂದ, ಹಿಂದೆ ಏದುಸಿರು ಬಿಡುತ್ತ ಅನಂತರಾಜು.

"ಅಬ್ಬಾ, ಇಲ್ಲಿದ್ದೀರಾ ಅಮ್ಮ! ಊಟಕ್ಕೆ ಕೂತಾಗ ಅಣ್ಣ ಚಟ್ನಿಪುಡಿ ಕೇಳಿದ್ರು, ಆಗ್ಲೇ ಗೊತ್ತಾಗಿದ್ದು ನೀವಿಲ್ಲ ಅಂತ," ಅಂದ ಮನೋಹರ್.

"ಬುದ್ಧಿ ಐತೇನೇ ನಿಂಗೆ?" ಅನಂತರಾಜು ಕೂಗಿದ. "ಎಲ್ರ ಮುಂದೆ ಮಾನ ಕಳುದ್ಬುಟ್ಟೆ! ಹಿಂದೇನೇ ಬತ್ತಾವ್ಳೆ ಅನ್ಕಂಡಿದ್ದೆ ನಾನು."

"ಎಮ್ಮೆ ಹಿಡ್ಕೊಂಡು ಹೋಗೋನೂ ಒಂದ್ಸಲ ತಿರುಗಿ ನೋಡ್ತಾನೆ ಕಣ್ರೀ," ಅಂದಳು ಅವಳು. "ಪೊಲೀಸ್ನೋರಿಗೆ ಏನಂತ ಹೇಳಿದ್ರಿ?"

"ಏನಂತ ಹೇಳ್ಲಿ? ಹೆಂಡ್ತಿ ಕಾಣ್ತಾ ಇಲ್ಲ, ಕೆಂಪು ಸೀರೆ ಉಟ್ಟವ್ಳೆ..."

ಹೇಳುತ್ತ ಹೇಳುತ್ತ ಅವನ ಕಣ್ಣು ಅವಳ ಮುಖದಿಂದ ಜರ್ಕಿನ್ನಿಗೆ, ಜರ್ಕಿನ್ನಿಂದ ಶೂಗೆ ಇಳಿಯಿತು.

"ಹಂಗಾರೆ ಅವಳ್ನೇ ಹುಡುಕ್ಕೊಳ್ಳಿ," ಅಂದಳು ಗಂಗಲಕ್ಷ್ಮಮ್ಮ. "ಅವಳಿನ್ನೂ ಸಿಕ್ಕಿಲ್ಲ."

ಆಮೇಲೆ ಮನೋಹರನ ಕಡೆ ತಿರುಗಿ, ಗುಡ್ಡದ ಮೇಲಿನ ಅರಮನೆಗೆ ಯಾವ ದಾರೀಲಿ ಹೋಗಬೇಕಪ್ಪ ಅಂತ ಕೇಳಿದಳು.